ಹರಕುಬಾಲದ ಮರಿ ಎಲ್ಲಿದೆ?

ಕಡಲಜೀವಿ ರಕ್ಷಣಾ ಇಲಾಖೆಯ ಮುಖ್ಯಾಧಿಕಾರಿಗಳೇ,

ಅಪರೂಪದ ತಿಮಿಂಗಿಲಗಳು "ಸಂಪೂರ್ಣ ಚೇತರಿಸಿಕೊಂಡಿವೆ" ಎಂದು ತಾವು ಘೋಷಿಸಿದ್ದೀರಿ. ಹಾಗೆ ಚೇತರಿಸಿಕೊಂಡ ಒಂದು, ಹಡಗಿಗೆ ಸಿಕ್ಕಿ ಬೆನ್ನು ಸೀಳಿಕೊಂಡು, ನಮ್ಮ ದಡದಲ್ಲಿ ಸತ್ತು ಬಿದ್ದಿತ್ತು.

ನಾನು ಗಡಿಯಾರ ರಿಪೇರಿ ಮಾಡುವವನು. ತಿಮಿಂಗಿಲಗಳ ಗಂಧಗಾಳಿ ನನಗಿಲ್ಲ, ನನ್ನ ಹೆಂಡತಿಗಿದೆ. ತಮ್ಮದೇ ಸಮೀಕ್ಷೆ ದೋಣಿಯಲ್ಲಿ ಅವಳು ವಿಜ್ಞಾನಿಯಾಗಿದ್ದಳು. ನೀರಿನಿಂದ ಬಾಲ ಮೇಲೆದ್ದಾಗ ಫೋಟೊ ತೆಗೆದು, ಅಂಚಿನ ಗಾಯ, ಬಿಳಿ ಮಚ್ಚೆ ನೋಡಿ ಇದು ಇಂಥದ್ದೇ ಎಂದು ಗುರುತಿಸುವುದು ಅವಳ ಕೆಲಸ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಮಕ್ಕಳ ಫೋಟೊಗಳಿಗಿಂತ ಬಾಲಗಳದ್ದೇ ಹೆಚ್ಚು.

ಹೋದ ವರ್ಷ ಮೂರು ಕೊಲ್ಲಿಗಳಲ್ಲಿ ತಿಮಿಂಗಿಲ ಕಂಡವೆಂದು ತಾವು ಹಿಗ್ಗಿದಿರಿ. ಮೂರೂ ಕಡೆ ಕಂಡವು ಬಹುಪಾಲು ಅವೇ ತಿಮಿಂಗಿಲಗಳು, ಮೀನು ಜಾಗ ಬದಲಿಸಿದ್ದರಿಂದ ಇವೂ ಅಲೆಯುತ್ತಿವೆ ಎಂದು ಅವಳು ಸಭೆಯಲ್ಲಿ ಫೋಟೊ ಹರಡಿ ತೋರಿಸಿದಳು. ಹೊಟ್ಟೆಪಾಡಿಗೆ ಊರೂರು ಅಲೆಯುವವನನ್ನು ಪ್ರತಿ ಊರಲ್ಲೂ ಎಣಿಸಿದರೆ ಜನಸಂಖ್ಯೆ ಏರದೆ ಇರುತ್ತದೆಯೇ? ತಾವು ಅವಳ ಮಾತನ್ನು ಗಾಳಿಗೆ ತೂರಿ, ಸಮೀಕ್ಷೆ ನಿಲ್ಲಿಸಿ, ಹಡಗುಗಳ ವೇಗದ ಮಿತಿಯನ್ನೂ ತೆಗೆದಿರಿ.

ಸುದ್ದಿ ಕೇಳಿ ದಡಕ್ಕೆ ಹೋದೆವು. ಅವಳು ಬಾಲದ ಬಳಿ ಕೂತು, ಹರಿದ ಅಂಚಿನ ಮೇಲೆ ಕೈಯಾಡಿಸಿ, "ಹರಕುಬಾಲ ಕಣ್ರೀ ಇದು. ಕೊನೇ ಸಲ ನೋಡಿದಾಗ ಪಕ್ಕದಲ್ಲಿ ಮರಿ ಇತ್ತು" ಎಂದಳು. ಮರಿ ಅಲ್ಲೇ, ಅಲೆಗಳಾಚೆ ಇತ್ತು. ತಾಯಿಯ ಕಡೆ ಬರುವುದು, ಹೊಟ್ಟೆಗೆ ಮರಳು ತಾಗಿದ್ದೇ ಹಿಂದೆ ಸರಿಯುವುದು. ದಡಕ್ಕೆ ಸಿಕ್ಕಿಕೊಂಡೀತೆಂದು ಅವಳು ಎದೆಮಟ್ಟದ ನೀರಿಗಿಳಿದು, ಕೈ ಬಡಿದು, ಅದನ್ನು ಆಳಕ್ಕೆ ಅಟ್ಟುತ್ತಿದ್ದಳು. ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ದೋಣಿ ಕಳಿಸಲು ಸಮೀಕ್ಷೆಯ ವಿಭಾಗವೇ ಈಗ ಇಲ್ಲವೆಂದರು, ಬಹಳ ವಿನಯದಿಂದ.

ಸಂಜೆ ಅವಳು ನಡುಗುತ್ತಾ ಮೇಲೆ ಬಂದಳು. "ಅದಿನ್ನೂ ಹಾಲು ಕುಡಿಯೋ ಕೂಸು. ನಾನು ಓಡಿಸಿದ್ದು ಎಲ್ಲಿಗೆ?"

ನಾನು ಅಂಗಿ ಬಿಚ್ಚಿ ಅವಳಿಗೆ ಹೊದಿಸಿದೆ. ಉತ್ತರ ತಮ್ಮಲ್ಲಿತ್ತು. "ಮರಿ ಸುರಕ್ಷಿತವಾಗಿ ಆಳಸಮುದ್ರ ಸೇರಿದೆ" ಎಂದು ಮರುದಿನ ಪ್ರಕಟಣೆ ಹೊರಡಿಸಿದಿರಿ. ದೋಣಿಯಿಲ್ಲ, ನೋಡುವವರಿಲ್ಲ, ಕಂಡವರು ಯಾರು ಸ್ವಾಮಿ? ಅದನ್ನು ಓದಿ ಅವಳು ಊಟದ ಮಧ್ಯೆ ಎದ್ದುಹೋದಳು.

ದೋಣಿಯನ್ನು ಮತ್ತೆ ನೀರಿಗಿಳಿಸಿ. ಮರಿಗಳಿರುವ ತಿಂಗಳುಗಳಲ್ಲಾದರೂ ಹಡಗುಗಳು ನಿಧಾನವಾಗಿ ಸಾಗಲಿ. ಇವೆಲ್ಲಕ್ಕೂ ಮೊದಲು ಆ ಪ್ರಕಟಣೆಯನ್ನು ಹಿಂತೆಗೆದು, ಮರಿ ಏನಾಯಿತೋ ನಮಗೆ ಗೊತ್ತಿಲ್ಲ ಎಂದು ಹೇಳಿ. ಅಷ್ಟು ನಿಜವನ್ನು ನನ್ನ ಹೆಂಡತಿ ತಡೆದುಕೊಳ್ಳಬಲ್ಲಳು.

ಇಂತಿ,
ದಿನಾ ದುರ್ಬೀನು ಹಿಡಿದು ಕಡಲು ನೋಡುವವಳ ಪಕ್ಕದಲ್ಲಿ ಸುಮ್ಮನೆ ನಿಲ್ಲುವ, ಈಜು ಬಾರದ ಗಂಡ