ಅವ್ವ ನೋಡಿದ ಸಿ.ಡಿ.

ವಡಗಾವಿ, ಬೆಳಗಾವಿ
ಭಾನುವಾರ, ೧೭ ಫೆಬ್ರುವರಿ ೨೦೦೨

ಪ್ರೀತಿಯ ಸೋಮಣ್ಣಾ,

ಹೇಗಿದ್ದೀ? ಹಿಮಾಚಲದಲ್ಲಿ ಚಳಿ ಸ್ವಲ್ಪವಾದರೂ ಇಳಿಯಿತೇ? ನಿನ್ನ ಕೆಮ್ಮು ಹೋಯಿತೇ? ಕ್ರೇನಿನ ಮೇಲೆ ಕೂರುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಎಂದಿನಂತೆ ನಸುಕಿನಲ್ಲೇ ಎದ್ದು ಓಣಿ ಓಣಿಗೆ ನೀರು ಬಿಡಲು ವಾಲ್ವ್ ತಿರುಗಿಸಿ ಬರುತ್ತಾನೆ. ಅವ್ವನ ಎಡಗಣ್ಣಿನ ಪೊರೆಗೆ ಬೇಸಿಗೆ ಮುಗಿದ ಮೇಲೆ ಆಪರೇಷನ್ ಮಾಡೋಣ ಎಂದು ಡಾಕ್ಟರು ಹೇಳಿದ್ದಾರೆ. ನಾನು ದಿನಾ ಖಾನಾಪುರಕ್ಕೆ ಹೋಗಿ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಹೊಡೆದು ಬರುತ್ತೇನೆ, ಬಸ್ಸಿನಲ್ಲಿ ಕರಪತ್ರ ಓದುತ್ತೇನೆ. ನಗಬೇಡ. ಕಾಲೇಜು ನನಗೆ ಸಿಗಲಿಲ್ಲ, ಕರಪತ್ರ ಸಿಕ್ಕಿತು. ಹೆಣ್ಣುಮಕ್ಕಳ ಹಕ್ಕು, ಕೂಲಿಯವರ ಕಾಯ್ದೆ, ಗ್ರಹಣದ ದಿನ ಊಟ ಮಾಡಿದರೆ ಏನೂ ಆಗುವುದಿಲ್ಲ ಎಂಬ ವಿಜ್ಞಾನ, ಎಲ್ಲವನ್ನೂ ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಕಲಿತಿದ್ದೇನೆ. ಈ ಸಲ ಇನ್ನೊಂದು ವಿದ್ಯೆ ಕಲಿತೆ. ಅದನ್ನು ಹೇಳಲೆಂದೇ ಈ ಪತ್ರ.

ನಿನ್ನ ಸಿ.ಡಿ. ಹದಿನೈದು ದಿನದ ಹಿಂದೆಯೇ ಮುಟ್ಟಿತು. ಎರಡು ವರ್ಷದಿಂದ ನೀನು ಫೋನು ಮಾಡಿದಾಗಲೆಲ್ಲ ಅವ್ವ ಎಸ್.ಟಿ.ಡಿ. ಬೂತಿನಲ್ಲಿ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ಜ್ವರದಲ್ಲಿ ಕಿವಿ ಹೋದ ಮೇಲೆ ಅವಳು ಲೋಕವನ್ನೆಲ್ಲ ತುಟಿ ನೋಡಿಯೇ ತಿಳಿದುಕೊಂಡವಳಲ್ಲವೇ? ಅವಳಿಗೆಂದೇ ನೀನು ಮುಖ ಕಳಿಸಿದೆ. ಆ ವಿಚಾರ ನಿನಗೆ ಹೊಳೆದದ್ದಕ್ಕೆ ನನಗೆ ಎಷ್ಟು ಹೆಮ್ಮೆ ಎಂದರೆ, ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆದರೆ ಅಲ್ಲಿ ನಿನ್ನ ಜೊತೆಗಿರುವ ಗೆಳೆಯ ಹಣಮಪ್ಪ, ಮೊದಲು ಖಾನಾಪುರದಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದವನು, ಸಿ.ಡಿ.ಯನ್ನು ಕಂಪ್ಯೂಟರಿನ ಫೈಲಾಗಿ ತುಂಬಿ ಕೈ ತೊಳೆದುಕೊಂಡಿದ್ದಾನೆ. ಎದುರುಮನೆ ಗೌರವ್ವನ ವಿ.ಸಿ.ಡಿ. ಪ್ಲೇಯರ್ ಅದನ್ನು ನುಂಗಿ ಹಾಗೇ ಉಗುಳಿತು. ನೀನು ಹೋಗುವಾಗ ನನಗೆ ಕೊಡಿಸಿದ ಹಳೆ ಕಂಪ್ಯೂಟರಿನಲ್ಲೇನೋ ಓಡಿತು. ಆದರೆ ಅದರ ಮಾನಿಟರ್ ನಿನಗೆ ಗೊತ್ತೇ ಇದೆ. ಅದರಲ್ಲಿ ಎಲ್ಲರ ಮುಖವೂ ಸುಟ್ಟ ರೊಟ್ಟಿ, ತುಟಿ ಯಾವುದು ಮೀಸೆ ಯಾವುದು ತಿಳಿಯದು. ನೀನು ಹೇಳಿದ್ದನ್ನೆಲ್ಲ ನಾನೇ ಅವ್ವನ ಎದುರು ಕೂತು ನಿಧಾನವಾಗಿ ಹೇಳತೊಡಗಿದೆ. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟು, "ನೀ ಅವನ ಮಾತ ಹೇಳಬ್ಯಾಡ. ಅವನ ಬಾಯಿ ತೋರಸು" ಅಂದಳು.

ಅಂದೇ ಹಟ ಹಿಡಿದೆ. ಟಿಳಕವಾಡಿಯ ಚೇತನನ ಅಂಗಡಿಯಿಂದ ಟಿ.ವಿ.ಗೂ ವೈರು ಕೊಡುವಂಥ ಕಾರ್ಡು ತಂದು ಕಂಪ್ಯೂಟರಿನೊಳಗೆ ಹಾಕಿಸಿದೆ. ನಮ್ಮ ದೊಡ್ಡ ಟಿ.ವಿ.ಯಲ್ಲಿ ಮೊದಲ ದಿನ ಚಿತ್ರ ಕಪ್ಪುಬಿಳುಪಾಗಿ ಉರುಳಿತು. ನಮ್ಮ ದೇಶದ ಟಿ.ವಿ.ಯ ಪದ್ಧತಿ ಬೇರೆ, ಅದನ್ನು ಆರಿಸಬೇಕೆಂದು ಹುಡುಕಿ ಆರಿಸಿದೆ, ಬಣ್ಣ ಬಂತು. ಕಂಪ್ಯೂಟರಿನ ತೆರೆಯೆಲ್ಲ ಟಿ.ವಿ.ಯಲ್ಲಿ ಕಂಡಿತು. ನಿನ್ನ ಸಿ.ಡಿ. ಹಾಕಿದೆ. ದನಿ ಬಂತು, ಆದರೆ ನಿನ್ನ ಮುಖ ಇರಬೇಕಾದ ಜಾಗದಲ್ಲಿ ಹಲಗೆಯಂಥ ಕಪ್ಪು ಚೌಕ. ಅದೇ ಹೊತ್ತಿಗೆ ಆ ಸುಟ್ಟ ಮಾನಿಟರಿನಲ್ಲಿ ನೀನು ಮಾತಾಡುತ್ತಲೇ ಇದ್ದೆ!

ಇದರ ಒಳಗುಟ್ಟು ಹೇಳುತ್ತೇನೆ, ಬೇಸರಿಸಬೇಡ. ಇಡೀ ಚಿತ್ರ ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಮಿದುಳಿಗೆ ಹೊರಿಸಿದರೆ ಅದು ಏದುಸಿರು ಬಿಡುತ್ತದೆ. ಆ ಹೊರೆಯನ್ನು ಕಾರ್ಡು ಹೊತ್ತರೆ ಚಿತ್ರ ನೀರಿನಂತೆ ಹರಿಯುತ್ತದೆ. ಎಷ್ಟು ಹೊರೆ ಕಾರ್ಡಿಗೆ ಎಂದು ತಿಳಿಸಲು ಕಂಪ್ಯೂಟರಿನ ತೆರೆಯಲ್ಲೇ ಒಂದು ಗೆರೆ, ಅದರ ಮೇಲೆ ಜಾರುವ ಗುಂಡಿ. ಹಾರ್ಡ್‌ವೇರ್ ಅಕ್ಸಲರೇಶನ್ ಎಂದು ಅದರ ಹೆಸರು. ಗುಂಡಿಯನ್ನು ಪೂರ್ತಿ ಹಿಂದಕ್ಕೆಳೆದು ಹೊರೆಯನ್ನೆಲ್ಲ ಮಿದುಳಿಗೇ ಬಿಟ್ಟೆ. ಕಪ್ಪು ಹೋಗಿ ಟಿ.ವಿ.ಯಲ್ಲಿ ನಿನ್ನ ಮುಖ ಬಂತು, ಆದರೆ ಕುಂಟುತ್ತ ಬಂತು. ತುಟಿ ಒಮ್ಮೆ ತೆರೆದರೆ ಮುಚ್ಚುವುದು ಕಾಣದು, ನಡುವಿನ ಚಲನೆಯೆಲ್ಲ ಮಾಯ. ಕಿವಿ ಇದ್ದವರಿಗೆ ಅದು ಸಾಕು. ಅವ್ವ ಅರ್ಧ ತಾಸು ಕಣ್ಣು ಕಿರಿದು ಮಾಡಿ ನೋಡಿ, "ಬಾಯಾಗ ಬಿಸಿ ಬಟಾಟಿ ಇಟಗೊಂಡಾಂಗ ಮಾಡತಾನ" ಎಂದು ಎದ್ದು ಒಳಗೆ ಹೋದಳು. ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಹೊಗೆಗಿರಬಹುದು ಎಂದು ಅಪ್ಪ ಅಂದ. ಒಲೆ ಹೊತ್ತಿಸಿಯೇ ಇರಲಿಲ್ಲ.

ಚೇತನನ ಹತ್ತಿರ ಹೋದೆ. "ಡಬ್ಬಿ ಬಿಚ್ಚಬ್ಯಾಡ್ರಿ ತಂಗಿ, ಶಾಕ್ ಹೊಡಿತೈತಿ. ಮನ್ಯಾಗ ಗಂಡಸರು ಯಾರರ ಇದ್ರ ಕಳಸ್ರಿ, ತಿಳಿಸಿ ಹೇಳತೇನಿ" ಅಂದ. "ನಮ್ಮಪ್ಪ ಅರ್ಧ ಊರಿನ ವಾಲ್ವ್ ತಿರುವ್ತಾನ, ಅವನ ಮಗಳಿಗೆ ನಾಕ ಸ್ಕ್ರೂ ತಿರುವಾಕ ಬರೂದಿಲ್ಲೇನ್ರಿ?" ಎಂದು ಕೇಳಿದೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಕಾರ್ಡಿನ ಜೊತೆ ಬಂದ ಇಂಗ್ಲಿಷಿನ ಸಣ್ಣ ಪುಸ್ತಕವನ್ನಾದರೂ ಕೊಡಿ ಎಂದೆ. ಯಾರೂ ಓದದ ಅದು ಡ್ರಾಯರಿನ ತಳದಲ್ಲಿ ಬಿದ್ದಿತ್ತು.

ನಾಲ್ಕು ದಿನ ಖಾನಾಪುರದ ಬಸ್ಸಿನಲ್ಲಿ ಕರಪತ್ರ ಬಿಟ್ಟು ಅದನ್ನೇ ಓದಿದೆ. ತೊಡೆಯ ಮೇಲೆ ನಿಘಂಟು, ಬಾಜೂಕೆ ಕೂತವರ ಕೋಳಿಬುಟ್ಟಿ. ಕಡೆಗೆ ಹಿಂದಿನ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಕಾರ್ಡು ಬಿಡಿಸುವ ಸಿನಿಮಾ ಚಿತ್ರ ಮೊದಲನೆಯ ತೆರೆಯಲ್ಲಿ ಮಾತ್ರ ಕಾಣುತ್ತದೆ. ಅಷ್ಟೇ. ಮೊದಲನೆಯದನ್ನು ಬದಲಿಸುವುದು ಹೇಗೆಂದು ಬರೆದಿರಲಿಲ್ಲ. ಆ ಸಂಜೆ ಮತ್ತೆ ಎರಡೂ ತೆರೆ ಹಚ್ಚಿ ಕೂತಿದ್ದಾಗ ಅವ್ವ ಹಿಂದೆ ಬಂದು ನಿಂತು ಅದನ್ನೂ ಇದನ್ನೂ ನೋಡಿದಳು. ಆಮೇಲೆ ಅಂದಳು: "ನಮ್ಮಪ್ಪನ ಹಿಂಡಿನ್ಯಾಗ ಒಂದ ಕುರಿ ಇಂಥಾದ್ದ ಇತ್ತು. ಅವಳಿ ಮರಿ ಹಾಕಿದ್ರ ಮೊದಲ ಕಂಡ ಮರಿಗಷ್ಟ ಮೊಲಿ ಕೊಡತಿತ್ತು, ಇನ್ನೊಂದನ್ನ ಒದಿತಿತ್ತು." ನೀವೇನು ಮಾಡುತ್ತಿದ್ದಿರಿ ಎಂದು ತುಟಿಯಾಡಿಸಿ ಕೇಳಿದೆ. "ಕುರಿಗೇನ ಬುದ್ಧಿ ಹೇಳಾಕ ಬರತೈತೇನ? ಮೊದಲನೇದನ್ನ ಬುಟ್ಟ್ಯಾಗ ಮುಚ್ಚಿ ಇಡತಿದ್ವಿ. ಕಣ್ಣಿಗೆ ಒಂದ ಮರಿ ಬಿದ್ರ ಅದಕ್ಕ ಕೊಡತಿತ್ತು."

ಅಣ್ಣಾ, ನಾನು ಕೂಡಲೇ ಎದ್ದೆ. ಕಂಪ್ಯೂಟರ್ ಬಂದ್ ಮಾಡಿ ಮಾನಿಟರಿನ ವೈರು ಕಿತ್ತು ಪಕ್ಕಕ್ಕಿಟ್ಟೆ. ಟಿ.ವಿ. ಒಂದೇ ಉಳಿಯಿತು. ಮತ್ತೆ ಶುರು ಮಾಡಿದಾಗ ಕಾರ್ಡಿಗೆ ಬೇರೆ ತೆರೆಯೇ ಕಾಣಲಿಲ್ಲ. ಟಿ.ವಿ.ಯಲ್ಲಿ ಅಲುಗಾಡುವ ದಪ್ಪ ಅಕ್ಷರಗಳ ನಡುವೆ ಆ ಗುಂಡಿ ಹುಡುಕಿ ಅದನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ಸಿ.ಡಿ. ಹಾಕಿದೆ. ನೀನು ಬಂದೆ. ಬಣ್ಣದಲ್ಲಿ, ಟಿ.ವಿ. ತುಂಬ ಮುಖವಾಗಿ, ಒಂದು ತೊಡಕೂ ಇಲ್ಲದೆ ಬಂದೆ. ಅವ್ವ ನೆಲಕ್ಕೆ ಕೂತಳು.

ಹನ್ನೊಂದು ನಿಮಿಷ ಅವಳು ರೆಪ್ಪೆ ಬಡಿಯಲಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಮುಗಿಯಿತು ಎಂದು ನೀನು ಹೇಳುತ್ತಿದ್ದಂತೆ, "ಗೌರವ್ವನ ಮಗ ಆಕಡೆ ಹೊಂಟಾನ, ಕಳಸತೇನಿ" ಎಂದು ಟಿ.ವಿ.ಗೇ ಉತ್ತರ ಕೊಟ್ಟಳು. "ಮೀಸಿ ತಗಿಯೋ, ಮ್ಯಾಲಿನ ತುಟಿ ಕಾಣವಲ್ದು" ಎಂದು ಬೈದಳು. ಅಪ್ಪನಿಗೆ ಒಂದೇ ಬೇಸರ: ತೊಡೆಯ ಮೇಲೆ ಕಂಬಳಿ ಹೊದ್ದು ಕೂತೇ ಇದ್ದೀಯಂತೆ, ಒಮ್ಮೆ ಎದ್ದು ನಡೆದು ಕ್ರೇನು ತೋರಿಸಬಾರದಿತ್ತೇ ಎಂದ. ಥಂಡಿ ದೇಶ ಎಂದು ಅವನೇ ಸಮಾಧಾನ ಮಾಡಿಕೊಂಡ. ಕಡೆಯ ನಿಮಿಷವಂತೂ ಹಣಮಪ್ಪನ ಮದುವೆ ಚಟ! ನಿನ್ನ ಮಾತಿನ ದನಿ ತೆಗೆದು ಹಾಡು ಹಾಕಿದ್ದಾನೆ, ನೀನು ಅವನ ಕಡೆ ತಿರುಗಿ ಏನೋ ಹೇಳಿ ನಗುತ್ತಿರುವಾಗ ನಿನ್ನ ಮುಖದ ಸುತ್ತ ಗುಲಾಬಿ ತಿರುಗಿಸಿದ್ದಾನೆ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವನಿಗೆ ಮಾತ್ರ ಅದೇ ಹಿಡಿಸಿದೆ. ಮೂರು ದಿನದಿಂದ ಆ ತುದಿಯನ್ನೇ ಮತ್ತೆ ಮತ್ತೆ ಹಾಕಿಸುತ್ತಾಳೆ.

ಅವ್ವ ಏನೋ ಹರಕೆ ತಪ್ಪಿಸಿದ್ದಕ್ಕೇ ದೇವಿ ಅವಳ ಕಿವಿ ಮುಚ್ಚಿದಳು ಎಂದು ಗೌರವ್ವ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದವಳು. ಮೊನ್ನೆ ಅವಳನ್ನೇ ಕೂರಿಸಿ, ದನಿ ಪೂರ್ತಿ ಬಂದ್ ಮಾಡಿ ಸಿ.ಡಿ. ಹಾಕಿದೆ. ಗುಲಾಬಿ ಬರುವವರೆಗೂ ಅವ್ವ ನಿನ್ನ ಒಂದೊಂದು ಮಾತನ್ನೂ ನಿನ್ನ ಜೊತೆ ಜೊತೆಗೇ ಹೇಳಿದಳು. "ಯವ್ವಾ, ನಮ್ಮ ಕಿವಿ ಇದ್ದೂ ಇಲ್ಲಧಂಗ ಆತಲ್ಲ!" ಎಂದು ಗೌರವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಚೇತನನಿಗೂ ಹೇಳಿ ಬಂದೆ. ಅವನು ನಗಲಿಲ್ಲ, ಬಿಲ್ಲಿನ ಹಿಂದೆ ಬರೆದುಕೊಂಡ. ಯಾರ ಐಡಿಯಾರೀ ಎಂದ. "ಕುರಿ ಕಾದಾಕಿ, ನಮ್ಮವ್ವ" ಅಂದೆ. ಯಂತ್ರ ಯಾರ ಅಪ್ಪನ ಆಸ್ತಿಯೂ ಅಲ್ಲ ಅಣ್ಣಾ. ಕಲಿತವರದು. ಇದನ್ನು ಕರಪತ್ರದಲ್ಲಿ ಓದಿದ್ದೆ, ಈಗ ನಮ್ಮ ಮನೆಯ ಟಿ.ವಿ.ಯಲ್ಲಿ ನೋಡಿದೆ.

ಅಪ್ಪ ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿದೆ, ಬಿಸಿ ಟೋಪಿಯೂ ಇರಲಿ. ಹಣಮಪ್ಪನಿಗೆ ನೆನಪು ಹೇಳು, ಗುಲಾಬಿ ಸಾಕು ಎಂದೂ ಹೇಳು.

ನಿನ್ನ ಜಗಳಗಂಟಿ ತಂಗಿ,
ತ್ರಿವೇಣಿ

ತಾ.ಕ.: ಲಕೋಟೆ ಅಂಟಿಸಲು ಅವ್ವನ ಹತ್ತಿರ ನಾಲ್ಕು ಅಗುಳು ಅನ್ನ ಕೇಳಿದೆ. ಅವಳು ನನ್ನ ಮುಂಗೈ ಹಿಡಿದು, "ಕಾಲಿಂದು ಬರದಿ?" ಅಂದಳು. ಯಾವ ಕಾಲು ಎಂದೆ. ಹಾಡು ಬರುವಾಗ ನೀನು ಹಣಮಪ್ಪನಿಗೆ ಹೇಳಿದ್ದನ್ನು ಅವಳು ನಿನ್ನ ಹಾಗೇ ತುಟಿ ತಿರುಗಿಸಿ ಹೇಳಿದಳು: "ಕಂಬಳಿ ಸರೀಲಿಲ್ಲಲ್ಲ? ಊರೂ ಬಡಿಗಿ ಆಕಡೆ ಇಡು. ಮುರದ ಕಾಲಾಗ ಕಬ್ಬಿಣದ ಸಳಿ ಹಾಕಿದ್ದು ಅವ್ವಗ ಗೊತ್ತಾಗಬಾರದು." ಖಚಿತ ಮಾಡಿಕೊಳ್ಳಲು ಮೂರು ದಿನ ನೋಡಿದಳಂತೆ. ಗುಲಾಬಿ ನೋಡುತ್ತಾಳೆ ಎಂದುಕೊಂಡಿದ್ದೆವು ನಾವು. ಅಣ್ಣಾ, ಯಾವ ಕಾಗದಕ್ಕೂ ಸಹಿ ಹಾಕಬೇಡ, ಹೆಬ್ಬೆಟ್ಟೂ ಒತ್ತಬೇಡ. ಕೆಲಸದ ಮೇಲೆ ಆದ ಪೆಟ್ಟಿಗೆ ಪರಿಹಾರ ಕೊಡುವುದು ಮಾಲೀಕರ ದಾನವಲ್ಲ, ಕಾಯ್ದೆ. ಆ ಕರಪತ್ರ ತರುತ್ತಿದ್ದೇನೆ. ಹೌದು, ಬರುತ್ತಿದ್ದೇವೆ, ಇಪ್ಪತ್ತೆಂಟರ ರೈಲಿಗೆ, ನಾನೂ ಅವ್ವನೂ. ಅವಳು ಆಗಲೇ ಹಿಂಡಿ ಕುಟ್ಟಲು ಕೂತಿದ್ದಾಳೆ. ನಿನಗೆ ಒಂದೇ ಮಾತು ಹೇಳು ಅಂದಳು: "ಕಿವಿ ಇಲ್ಲದಾಕಿ ಮುಂದ ಹಾಡ ಹಚ್ಚಿ ಏನ ಮುಚ್ಚಾಕ ಹೋಗಿದ್ದೆಪಾ?" ಸ್ಟೇಶನ್ನಿಗೆ ಬರಬೇಡ. ಇದ್ದಲ್ಲೇ ಕಂಬಳಿ ತೆಗೆದಿಟ್ಟು ಕೂತಿರು. ಮೀಸೆಯನ್ನೂ ತೆಗೆ.