ಸುಣ್ಣದ ಬೊಟ್ಟಿನ ಕಾಯಿ

೮ ಸೆಪ್ಟೆಂಬರ್ ೨೦೨೫, ಸೋಮವಾರ — ಸಂಜೆ ೭

ಬಿಪಿ ಮಾತ್ರೆ ಆಯ್ತು. ಎರಡನೇ ಲೋಟ ಕಾಫಿಯೂ ಆಯ್ತು — ಇವರಿಗೆ ಗೊತ್ತಿಲ್ಲ. ಕಾಯಿ ಸುಲಿಯೋ ಪರಮೇಶ್ ಇವತ್ತೂ ಕೈಕೊಟ್ಟ. 'ನಾಳೆ ಬತ್ತೀನಿ ಕಣಕ್ಕ' ಅಂತ ಒಂದು ವಾರದಿಂದ ಅದೇ ರಾಗ.

ಟಿವಿಯಲ್ಲಿ ಕಠ್ಮಂಡು. ಓದೋ ಮಕ್ಕಳ ಮೆರವಣಿಗೆ, ಅದರ ಮೇಲೆ ಗುಂಡು. ಹತ್ತೊಂಬತ್ತು ಜನ ಹೋದರಂತೆ. ಯೂನಿಫಾರಂ ಹಾಕಿದ ಹುಡುಗನೊಬ್ಬ… ಚಾನೆಲ್ ಬದಲಾಯಿಸಿದೆ. ಮತ್ತೆ ಅಲ್ಲಿಗೇ ಬಂದೆ.

ಅದೇ ಊರಲ್ಲಿರೋ ಹೋಮುಗೆ ಕಳಿಸಿದ ಮೆಸೇಜಿಗೆ ಐದನೇ ದಿನವೂ ಒಂದೇ ಟಿಕ್. ಅಲ್ಲಿ ವಾಟ್ಸಾಪ್ ಬಂದ್ ಮಾಡಿದ್ದಾರೆ ಅಂತ ಮಗಳು ಭವ್ಯ ಹೇಳಿದ್ದಳು, ಅದಕ್ಕೇ ಸುಮ್ಮನಿದ್ದೆ. ಇಲ್ಲದಿದ್ದರೆ ದಿನಾ ಬೆಳಿಗ್ಗೆ ಹಿಮದ ಬೆಟ್ಟದ ಫೋಟೊ, ಕೆಳಗೆ ಕನ್ನಡದಲ್ಲಿ 'ಶುಬೋದಯ ಅಕ್ಕ'. ಅವರ ದೇಶದಲ್ಲಿ ಮೂರು ಸಲ ಮಂತ್ರಿಯಾದ, ಮಹಾಪ್ರಾಣ ಮಾತ್ರ ಕಲಿಯಲಿಲ್ಲ. ಅಕ್ಷರ ಕಲಿಸಿದವಳು ನಾನೇ, ಯಾರನ್ನ ಬೈಯಲಿ.

೯ ಸೆಪ್ಟೆಂಬರ್ — ಮಧ್ಯಾಹ್ನ ೩

ಪಾರ್ಲಿಮೆಂಟಿಗೇ ಬೆಂಕಿ. ಪ್ರಧಾನಿ ರಾಜೀನಾಮೆ. ಲೀಡರುಗಳ ಮನೆ ಹುಡುಕಿಕೊಂಡು ಹೋಗಿ ಹಚ್ಚುತ್ತಿದ್ದಾರೆ.

ಹತ್ತು ಸಲ ಕಾಲ್ ಮಾಡಿದೆ. ಅವರ ಭಾಷೆಯಲ್ಲಿ ಒಬ್ಬಳು ಏನೋ ಹೇಳಿ ಕಟ್ ಮಾಡುತ್ತಾಳೆ. ತಿಪಟೂರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವಳು ನಾನು. ಲೈನ್ ಸಿಗದೆ ಕೌಂಟರ್ ಮುಂದೆ ಒದ್ದಾಡುವವರನ್ನು ಎಷ್ಟು ಗದರಿದ್ದೀನೋ. ಈಗ ನನ್ನ ಸರದಿ.

ಸಂಜೆ ೬

ಭವ್ಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಫೋನ್ ಮುಂದೆ ಹಿಡಿದಳು. 'ಅಮ್ಮ, ಇದು ಹೋಮು ಮಾವನ ಮನೆ ಅಲ್ವಾ?'

ನೀಲಿ ಟೈಲ್ಸಿನ ಬಾಲ್ಕನಿ. ೨೦೦೯ರಲ್ಲಿ ಹೋಗಿದ್ದಾಗ ನಾನು ಸೀರೆ ಒಣಹಾಕಿದ ಬಾಲ್ಕನಿ. ಕಿಟಕಿಯಿಂದ ಬೆಂಕಿ ಆಚೆ ಬರುತ್ತಿದೆ. ಕೆಳಗೆ ಹುಡುಗರು ಸೆಲ್ಫಿ ತೆಗೆಯುತ್ತಿದ್ದಾರೆ.

ಒಳಗೆ ಯಾರಾದರೂ ಇದ್ದರಾ? ಹನ್ನೆರಡು ಸಲ ನೋಡಿದೆ. ಗೊತ್ತಾಗಲಿಲ್ಲ.

೧೦ ಸೆಪ್ಟೆಂಬರ್ — ಬೆಳಿಗ್ಗೆ ೬

ಏಣಿ ಹಾಕಿಕೊಂಡು ಅಟ್ಟ ಹತ್ತಿದೆ. ಅರವತ್ತಾರು ವರ್ಷದವಳಿಗೆ ಬೇಕಾ ಇದು. ಇವರು ಕೆಳಗಿನಿಂದ 'ಬಿದ್ದು ಸೊಂಟ ಮುರ್ಕೊಂಡ್ರೆ ನಾನೇ ಮಾಡ್ಬೇಕು ಕಣೇ' ಅಂತ ಕೂಗಿದರು. ನಲವತ್ತು ವರ್ಷ ಪಿ.ಟಿ. ಮೇಷ್ಟ್ರು, ಏಣಿ ಹಿಡಿದುಕೊಳ್ಳೋಣ ಅಂತ ಮಾತ್ರ ಹೊಳೆಯಲಿಲ್ಲ.

ಸುಣ್ಣದ ಬೊಟ್ಟಿಟ್ಟ ಕಾಯಿ ಹುಡುಕಿದೆ. ಸಿಕ್ಕಿತು.

೮೪ರ ದೀಪಾವಳಿ ಅದು. ಹೋಮು ಬಂದು ಮೂರು ತಿಂಗಳಾಗಿತ್ತು. ಆಗ ಅವನ ನೇಪಾಳದಲ್ಲಿ ರಾಜನ ಆಳ್ವಿಕೆ, ಕಮ್ಯುನಿಸ್ಟ್ ಅಂದರೆ ಜೈಲು. ತಪ್ಪಿಸಿಕೊಂಡು ಬಂದವನು ನಮ್ಮಪ್ಪ ತಿಮ್ಮಯ್ಯನವರ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯೋಕೆ ನಿಂತ. ಊರೆಲ್ಲ ಬಹದ್ದೂರ್ ಅನ್ನುತ್ತಿತ್ತು, ಹೆಸರೇನು ಅಂತ ಕೇಳಿದವಳು ನಾನೊಬ್ಬಳೇ. ಹೋಮನಾಥ. ಬಲಿಪಾಡ್ಯಮಿ ಮಾರನೇ ದಿನ ಗೋಣಿಚೀಲದ ಮೇಲೆ ಕೂತು ಅಳುತ್ತಿದ್ದ. ಅವತ್ತು ಅವರಲ್ಲಿ ಭಾಯಿ ಟೀಕಾ. ಅಕ್ಕತಂಗಿಯರು ಎಣ್ಣೆಯಲ್ಲಿ ಗೆರೆ ಹಾಕಿ, ಹೊಸಿಲ ಹತ್ತಿರ ಅಕ್ರೋಟ್ ಒಡೆದು, ಹಣೆಗೆ ಏಳು ಬಣ್ಣ ಇಡಬೇಕಂತೆ. ಆ ವರ್ಷವೆಲ್ಲ ಯಮ ಆ ಗೆರೆ ದಾಟಲ್ಲವಂತೆ.

ಅಕ್ರೋಟ್ ಎಲ್ಲಿಂದ ತರಲಿ? ಅವಸರಕ್ಕೆ ಅಟ್ಟದ ಕಾಯಿ ತಂದೆ — ವರ್ಷ ಒಣಗಿ ಕೊಬ್ಬರಿಯಾಗಿದ್ದು. 'ದೇವ್ರ ಕೆಲ್ಸಕ್ಕೆ ಒಣಕಾಯಿ ಒಡೀತಾರೇನೇ, ನೀರಿರೋದು ತಗಾ' ಅಂತ ಅಮ್ಮ ಬೈಯುವಷ್ಟರಲ್ಲಿ ಒಡೆದಾಗಿತ್ತು. ಚಿಪ್ಪು ಎರಡು ಹೋಳು. ಒಳಗಿನ ಉಂಡೆ ಕೊಬ್ಬರಿ ಇಡಿಯಾಗಿ ಉರುಳಿಕೊಂಡು ಅಂಗಳಕ್ಕೆ ಹೋಯ್ತು. ಹೋಮು ಅಳು ನಿಲ್ಲಿಸಿ ನಕ್ಕ. 'ನಮ್ದು ಪುಡಿ ಆಗ್ತದೆ ಅಕ್ಕ. ಇದು ಪೂರ್ತಿ ಉಳೀತು.'

ಅವತ್ತಿಂದ ಅಟ್ಟದ ಕಾಯೇ. ಟೀಕಾ ಮುಗಿದ ದಿನ ಇನ್ನೊಂದಕ್ಕೆ ಸುಣ್ಣದ ಬೊಟ್ಟಿಟ್ಟು ಮುಂದಿನ ವರ್ಷಕ್ಕೆ ಅಟ್ಟ ಸೇರಿಸುವುದು. ವಾಪಸ್ ಹೋದ ಮೇಲೂ ಅವನು ಆ ದಿನ ಫೋನ್ ಮಾಡುತ್ತಾನೆ — 'ಒಡೆದ್ಯಾ ಅಕ್ಕ? ಉರುಳ್ತಾ?' ಅಂತರ್ಯುದ್ಧದಲ್ಲಿ ಕಾಡಿನಲ್ಲಿ ಬಚ್ಚಿಟ್ಟುಕೊಂಡಿದ್ದಾಗಲೂ ಮಾಡಿದ, ಮಂತ್ರಿಯಾಗಿ ಮೀಟಿಂಗಿನಲ್ಲಿದ್ದಾಗಲೂ ಮಾಡಿದ. ನಲವತ್ತೊಂದು ಕಾಯಿ, ಎಲ್ಲವೂ ಇಡಿಯಾಗಿ ಬಂದವು.

ಈ ವರ್ಷದ್ದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಇಷ್ಟು ಹೊತ್ತಿಗೆ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಲೊಡಲೊಡ ಅನ್ನಬೇಕು.

ಸದ್ದಿಲ್ಲ.

೧೩ ಸೆಪ್ಟೆಂಬರ್, ಶನಿವಾರ

ಅಲ್ಲಿ ಹೊಸ ಸರ್ಕಾರ ಬಂತಂತೆ. ಹೋಮು ಸುದ್ದಿ ಇಲ್ಲ. ಫೋನ್ ಸ್ವಿಚ್ ಆಫ್. ಬಿಪಿ ನೂರ ಅರವತ್ತು.

ಊಟಕ್ಕೆ ಕೂತಾಗ ಇವರು — 'ದುಡ್ಡು ತಿಂದಿರ್ತಾನೆ ಕಣೇ. ಸುಮ್ನೆ ಯಾಕೆ ಮನೆ ಸುಡ್ತಾರೆ ಜನ?' ಸೌಟು ಕುಕ್ಕಿದೆ. ನಿಮಗೇನ್ರೀ ಗೊತ್ತು ಅವನ ವಿಷಯ? ಅಂದೆ.

೮೭ರಲ್ಲಿ ಅಪ್ಪನ ಮಂಡಿಯಲ್ಲೇ ಸ್ಟ್ರೈಕ್ ಮಾಡಿಸಿದ್ದ. ಅಪ್ಪನ ಅನ್ನ ತಿಂದು ಅಪ್ಪನ ಮೇಲೇ. ಚಿಪ್ಪು ಒಡೆಯೋ ಹೆಂಗಸರು ಬಿಸಿಲಲ್ಲಿ ಕೂರುತ್ತಿದ್ದರು, ಅವರಿಗೊಂದು ಚಪ್ಪರ ಬೇಕು, ಕುಡಿಯೋಕೆ ನೀರು ಬೇಕು, ಇಷ್ಟೇ. ಅಪ್ಪ ಅವನನ್ನು ಪಕ್ಕಕ್ಕೆ ಕರೆದು 'ನಿನಗೆ ಫ್ಯಾನ್ ಇರೋ ರೂಮ್ ಕೊಡ್ತೀನಿ, ಇವ್ರನ್ನ ಏಳ್ಸು ಕಣ್ಲಾ' ಅಂದರು. ಅವನು — 'ನನಗೊಬ್ನಿಗೆ ಬ್ಯಾಡಿ ಗೌಡ್ರೆ. ಫ್ಯಾನ್ ಚಪ್ಪರಕ್ಕೇ ಹಾಕ್ಸಿ.' ಮೂರನೇ ದಿನ ಅಪ್ಪನೇ ಚಪ್ಪರಕ್ಕೆ ಗಳ ತರಿಸಿದರು. ಬೈದುಕೊಂಡೇ ಸ್ಟ್ರೈಕಿನವರಿಗೆ ಮಜ್ಜಿಗೆ ಕಳಿಸಿದರು. ೯೦ರಲ್ಲಿ ರಾಜ ಪಾರ್ಟಿಗಳ ಮೇಲಿನ ನಿಷೇಧ ತೆಗೆದ ಮೇಲೆ ಅವನು ಊರಿಗೆ ಹೊರಟಾಗ ಸ್ಟೇಷನ್ನಿಗೆ ಬಂದು ಅತ್ತಿದ್ದೂ ಅಪ್ಪನೇ.

ಇದನ್ನೆಲ್ಲ ಹೇಳಿ ಮುಗಿಸಿದೆ. ಭವ್ಯ ತಟ್ಟೆ ನೋಡಿಕೊಂಡೇ ಅಂದಳು — 'ಅದು ೮೭ ಅಮ್ಮ. ನೀನು ಐದು ದಿನದಿಂದ ಒಬ್ರಿಗೋಸ್ಕರ ಅಳ್ತಿದೀಯ. ಸತ್ತೋರೆಲ್ಲ ನನ್ ಸ್ಟೂಡೆಂಟ್ಸ್ ವಯಸ್ಸಿನೋರು.'

ಎಲ್ಲರ ತಟ್ಟೆ ಎತ್ತಿಕೊಂಡು ಎದ್ದೆ.

ನಿಜ ಬರೆಯುತ್ತೀನಿ, ಯಾರು ಓದುತ್ತಾರೆ. ೨೦೦೯ರಲ್ಲಿ ಆ ಮನೆ ಮೆಟ್ಟಿಲು ಹತ್ತುವಾಗಲೇ ಎಣಿಸತೊಡಗಿದ್ದೆ. ಮೂರು ಮಹಡಿ. ಕಾಲಿಟ್ಟರೆ ಜಾರುವ ಮಾರ್ಬಲ್. ಸೋಫಾ ಮೇಲೆ ಕಾಯುತ್ತಾ ಕೂತ ಕಂಟ್ರಾಕ್ಟರುಗಳು. ಇದೆಲ್ಲ ಹೇಗೆ ಬಂತೋ ಹೋಮು ಅಂತ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಿನ್ನದ ಓಲೆಯ ಡಬ್ಬಿ ಕೈಗಿಟ್ಟ — 'ಅಕ್ಕಂಗೆ ತಮ್ಮ ಕೊಡೋದು.' ಹಾಕಿಕೊಂಡೆ. ಹದಿನಾರು ವರ್ಷ ಹಾಕಿಕೊಂಡೇ ಇದ್ದೆ. ಅಕ್ಕ ಅನ್ನಿಸಿಕೊಂಡವಳು ಅವತ್ತೇ ಕೇಳಬೇಕಿತ್ತು.

ಇವತ್ತು ಬಿಚ್ಚಿಟ್ಟೆ.

೨೧ ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟೆವು. ಅಪ್ಪ, ಅಮ್ಮ, ಅತ್ತೆ, ಮಾವ. ಒಂದು ಎಲೆ ಹೆಚ್ಚಾಗಿ ತಂದಿದ್ದರು ಇವರು. ಅದು ಹಾಗೇ ಉಳಿದಿತ್ತು. ಹೋಮುಗೆ ಕಾಯುತ್ತಿರೋ ಹಾಗೆ. ಮಡಿಸಿ ಹಿತ್ತಲಿಗೆ ಎಸೆದೆ.

ಸಂಜೆ ಕಲ್ಯಾಣ ಮಂಟಪದ ವಾಚ್‌ಮನ್ ಹತ್ತಿರ ಹೋದೆ. ಪ್ರೇಮ್. ನೇಪಾಳದವನು, ನಲವತ್ತು ದಾಟಿದೆ, ಇಲ್ಲಿಗೆ ಬಂದು ಎಂಟು ವರ್ಷ. ವಡೆ ಕೊಟ್ಟು ಕೇಳಿದೆ — ಹೋಮನಾಥ ಅಂತ, ಮಂತ್ರಿ ಆಗಿದ್ದರಲ್ಲ, ಗೊತ್ತಾ?

'ಗೊತ್ತಿಲ್ದೆ ಏನಮ್ಮ. ನಮ್ ಏರಿಯಾ ಎಂಪಿ. ಅಪ್ಪ ಅವ್ರ ಬಾವುಟ ಹಿಡ್ಕೊಂಡು ಓಡಾಡ್ದ. ರೋಡ್ ಮಾಡ್ಸ್ತೀನಿ ಅಂದ್ರು. ನಾಲ್ಕು ಎಲೆಕ್ಷನ್ ಅಂದ್ರು. ನನ್ ಹೆಂಡ್ತೀನ ಹೆರಿಗೆಗೆ ಬುಟ್ಟಿಲಿ ಹೊತ್ಕೊಂಡು ಹೋದ್ವಿ. ಮಗು ದಾರೀಲೇ ಹೋಯ್ತು.' ವಡೆ ಕೈಯಲ್ಲೇ ಇತ್ತು. 'ರೋಡ್ ಇದ್ದಿದ್ರೆ ನಾನ್ಯಾಕಮ್ಮ ಇಲ್ಲಿ ಗೇಟ್ ಕಾಯ್ತಿದ್ದೆ?'

ಆಮೇಲೆ ಅವನೇ — 'ಊರಲ್ಲಿರೋ ತಮ್ಮಂಗೆ ಫೋನ್ ಮಾಡಿ ಕೇಳ್ತೀನಿ ಬಿಡಿ, ಜೀವ ಇದ್ಯಾ ಅಂತ.'

ಉಳಿದ ವಡೆಗಳನ್ನೂ ಅವನ ಕೈಗೇ ಕೊಟ್ಟು ಬಂದೆ.

೪ ಅಕ್ಟೋಬರ್

ದಸರಾ ಬಂತು, ಹೋಯ್ತು. ಬರೆಯೋಕೆ ಮನಸ್ಸಾಗಲಿಲ್ಲ.

ಇವತ್ತು ಪ್ರೇಮ್ ಗೇಟಿನ ಹತ್ತಿರ ನಿಂತು ಹೇಳಿ ಹೋದ. ಬೆಂಕಿ ಬಿದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಹೆಂಡತಿ ತವರಿನಲ್ಲಿ. ಹೋಮು ಎಲ್ಲೋ ಇದ್ದಾನೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ.

ದೇವರ ಮುಂದೆ ಕೂತು ಅತ್ತೆ. ಪ್ರೇಮ್ ಮಗು ನೆನಪಾಯ್ತು. ಅಳು ಅರ್ಧಕ್ಕೇ ನಿಂತಿತು.

೧೯ ಅಕ್ಟೋಬರ್ — ಮಧ್ಯಾಹ್ನ ೧

ಗೊತ್ತಿಲ್ಲದ ನಂಬರ್. 'ಅಕ್ಕ, ನಾನು.'

ಕೈಯಲ್ಲಿದ್ದ ಹುಣಸೆಹಣ್ಣು ಕೆಳಗೆ ಬಿತ್ತು. ಗೋರಖಪುರದಲ್ಲಿದ್ದಾನೆ. 'ಟ್ರೈನ್ ಹತ್ತುತಾ ಇದೀನಿ. ಟೀಕಾಕ್ಕೆ ಬತ್ತೀನಿ. ಅಟ್ಟ ಇದ್ಯಾ?' ಬಾರೋ ಅಂದೆ. ತಿಂದ್ಯಾ ಅಂದೆ. ಸ್ವೆಟರ್ ಇದ್ಯಾ ಅಂದೆ.

ಫೋನ್ ಇಟ್ಟ ಮೇಲೆ ಹೊಳೆಯಿತು — ಈ ಸಲವೂ ಕೇಳಲಿಲ್ಲ.

೨೨ ಅಕ್ಟೋಬರ್, ಬಲಿಪಾಡ್ಯಮಿ — ಬೆಳಿಗ್ಗೆ ೮

ನಿನ್ನೆ ಸಂಜೆ ಬಂದ. ಒಂದು ಬ್ಯಾಗು, ಹವಾಯಿ ಚಪ್ಪಲಿ, ಬಿಳಿ ಗಡ್ಡ. ಸ್ಟೇಷನ್ನಿನಲ್ಲಿ ಇವರ ಎದುರೇ ಹಾದು ಹೋದನಂತೆ, ಇವರಿಗೆ ಗುರುತೇ ಸಿಗಲಿಲ್ಲವಂತೆ. 'ಓಡಿ ಬಂದಿಲ್ಲ ಅಕ್ಕ. ಟೀಕಾಕ್ಕೆ ಬಂದಿದೀನಿ' ಅಂತ ಕೇಳದೇ ಇದ್ದರೂ ಮೂರು ಸಲ ಅಂದ.

ಮುದ್ದೆ ಬಸ್ಸಾರು ಎರಡೆರಡು ಸಲ ಹಾಕಿಸಿಕೊಂಡ. ಭವ್ಯ ಒಂದೇ ಮಾತು ಕೇಳಿದಳು — 'ಗುಂಡು ಹಾರಿದ್ ದಿನ ಎಲ್ಲಿದ್ರಿ ಮಾವ?' 'ಪಾರ್ಟಿ ಆಫೀಸಲ್ಲಿ. ಹೇಳಿಕೆ ಬರೀತಿದ್ವಿ' ಅಂದ. ಅವಳು ಎದ್ದು ಕೈ ತೊಳೆದುಕೊಂಡು ರೂಮಿಗೆ ಹೋದಳು.

ಕಣ್ಣ ಮುಂದೆಯೇ ಇದ್ದಾನೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಮೊದಲು ಬದುಕಿದ್ದರೆ ಸಾಕಪ್ಪ ಅಂತಿತ್ತು. ಈಗ ಅಷ್ಟು ಸಾಲದು ಅಂತಿದೆ.

ಪ್ರೇಮ್‌ಗೂ ನಾಳೆ ಬಾ ಅಂತ ಹೇಳಿ ಕಳಿಸಿದ್ದೀನಿ. ಅವನಿಗೂ ಇಲ್ಲಿ ಅಕ್ಕತಂಗಿ ಯಾರೂ ಇಲ್ಲ. ಇವರು 'ಬೇಕಿತ್ತಾ ನಿಂಗೆ?' ಅಂದರು. ಬೇಕಿತ್ತು.

೨೩ ಅಕ್ಟೋಬರ್, ಗುರುವಾರ — ಮಧ್ಯಾಹ್ನ ೧೨

ಅವಸರದಲ್ಲಿ ಬರೆಯುತ್ತಿದ್ದೀನಿ, ಅಕ್ಷರ ಹೇಗಾದರೂ ಇರಲಿ.

ಇಬ್ಬರನ್ನೂ ಮಣೆ ಮೇಲೆ ಕೂರಿಸಿದೆ. ಪರಮೇಶ್ ಬೆಳಿಗ್ಗೆ ಬಂದು ಬೊಟ್ಟಿನದೂ ಅಟ್ಟದ ಇನ್ನೊಂದೂ, ಎರಡು ಕಾಯಿ ಸುಲಿದುಕೊಟ್ಟಿದ್ದ — ಕೊನೆಗೂ. ಹೋಮು ಪ್ರೇಮ್‌ನನ್ನು ಯಾವ ಊರು ಅಂದ. ಹೇಳಿದ. ನಾನಿದ್ದೀನಿ ಅಂತಲೋ ಏನೋ, ಇಬ್ಬರೂ ಕನ್ನಡದಲ್ಲೇ.

'ರೋಡ್?' ಅಂದ ಹೋಮು.

'ಇಲ್ಲ ಸಾರ್.'

ಪ್ರೇಮ್‌ಗೆ ಎಣ್ಣೆ ಗೆರೆ ಹಾಕಿ ಕಾಯಿ ಒಡೆದೆ. ಕೊಬ್ಬರಿ ಇಡಿಯಾಗಿ ಉರುಳಿ ಹೊಸಿಲು ದಾಟಿತು. ಏಳು ಬಣ್ಣ ಇಟ್ಟೆ. ಕಾಲಿಗೆ ಬಿದ್ದ, ಎದ್ದು ಕಣ್ಣೊರೆಸಿಕೊಂಡು ಡ್ಯೂಟಿಗೆ ಹೋದ.

ಹೋಮು ಸರದಿ. ಕಾಯಿ ಅಲ್ಲಾಡಿಸಿದೆ. ಈಗಲೂ ಸದ್ದಿಲ್ಲ. ಒಳಗೆ ಅಂಟಿಕೊಂಡಿದೆಯೋ, ಕೊಳೆತಿದೆಯೋ, ಒಡೆಯದೆ ತಿಳಿಯಲ್ಲ. ಕಾಯಿ ಸುಲಿದವನಲ್ಲವೇ, ಅವನಿಗೂ ಗೊತ್ತಾಯ್ತು. ಮಾತು ಮರೆಸೋಕೆ — 'ಕಿವಿ ಯಾಕೆ ಬೋಳು ಅಕ್ಕ? ಓಲೆ ಎಲ್ಲಿ?'

'ಬಿಚ್ಚಿಟ್ಟಿದೀನಿ. ಅದು ಹೆಂಗೆ ಬಂತು ಹೋಮು? ಆ ಮನೆ ಹೆಂಗೆ ಬಂತು?'

ಬಾಯಿಂದ ಬಂದೇಬಿಟ್ಟಿತು. ಹದಿನಾರು ವರ್ಷದ ಮೇಲೆ.

ತಲೆ ಬಗ್ಗಿಸಿದ. 'ಮೊದ್ಲು ಒಡಿ ಅಕ್ಕ. ಆಮೇಲೆ ಹೇಳ್ತೀನಿ.'

'ಮೊದ್ಲು ಹೇಳು. ಆಮೇಲೆ ಒಡೀತೀನಿ.'

'ಟೀಕಾ ಆಗ್ದೆ ಹೋದ್ರೆ…'

'ಗೊತ್ತು ಕಣೋ.'

ಕಲ್ಲು ಕೆಳಗಿಟ್ಟು ಒಳಗೆ ಬಂದುಬಿಟ್ಟೆ.

ಸಂಜೆ ೫.೨೦

ಹೊಸಿಲ ಹತ್ತಿರವೇ ಕೂತಿದ್ದಾನೆ. ಊಟ ಬೇಡ ಅಂದ. ಪಕ್ಕದಲ್ಲಿ ಕಾಯಿ. ಇವರು ಎರಡು ಸಲ ಅಡುಗೆಮನೆಗೆ ಬಂದರು — 'ಒಡೆದ್ಬುಡೇ, ಪಾಪ. ಅವ್ನಿಗೂ ವಯಸ್ಸಾಯ್ತು.' ತಿಂದಿರ್ತಾನೆ ಅಂದಿದ್ದ ಬಾಯಿ ಇದೇ.

ಹೊತ್ತು ಮುಳುಗೋದರೊಳಗೆ ಆಗಬೇಕು. ಇನ್ನು ಅರ್ಧ ಗಂಟೆ ಇರಬಹುದು. ಇವತ್ತು ಗೆರೆ ಹಾಕದೆ ಬಿಟ್ಟು, ನಾಳೆ ಅವನಿಗೇನಾದರೂ ಆದರೆ ನಾನು ಬದುಕಿರುತ್ತೀನಾ? ಇದನ್ನೆಲ್ಲ ನಂಬುತ್ತೀಯಾ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೀನಿ. ಆದರೂ ಎರಡು ಸಲ ಎದ್ದು ಹೋಗಿ ಕಲ್ಲು ಮುಟ್ಟಿ ಬಂದೆ. ಒಡೆದು, ಹಣೆಗೆ ಬಣ್ಣ ಇಟ್ಟು, ಅನ್ನ ಬಡಿಸಿ, ಏನೂ ಆಗಿಲ್ಲ ಅಂತ ಇದ್ದುಬಿಡಬಹುದು. ಹದಿನಾರು ವರ್ಷ ಹಾಗೇ ಇದ್ದೆನಲ್ಲ. 'ನನಗೊಬ್ನಿಗೆ ಬ್ಯಾಡಿ' ಅಂದವನು ಅವನೊಳಗೆ ಇನ್ನೂ ಇದ್ದಾನಾ, ಅದಷ್ಟು ಗೊತ್ತಾಗಲಿ.

ಅಂಗಳದಲ್ಲಿ ನೆರಳು ಉದ್ದ ಆಯ್ತು.

ಕೂಗುತ್ತಿದ್ದಾನೆ. 'ಅಕ್ಕ.' ಇನ್ನೊಂದು ಸಲ. ಒಳಗೆ ಬಂದಿಲ್ಲ, ಅಲ್ಲಿಂದಲೇ. 'ಅಕ್ಕ, ಆ ಮನೆ ಇದ್ಯಲ್ಲ… ಕೂತ್ಕೋ ಬಾ. ರೋಡಿನ ಕತೇನೂ ಹೇಳ್ತೀನಿ.'

ಹೋಗಬೇಕು. ಹೇಳಿದ್ದು ಕೇಳಿಯೂ ನನಗೆ ಒಡೆಯೋಕೆ ಕೈ ಬರದಿದ್ದರೆ? ಕಲ್ಲು ತಗೊಂಡು ಹೋಗಲಾ, ಇಲ್ಲಾ ಬರಿಗೈಯಲ್ಲಿ ಹೋಗಲಾ? ಇರಲಿ, ಮೊದಲು ಕೇಳೋಣ. ಎದ್ದೆ.