ಹಿಮಕ್ಕ ಅಣ್ಣ ಕಟ್ಟಿದ ಮೂರನೇ ಹೆಸರು

೧೮ ಜನವರಿ ೧೯೮೬, ಶನಿವಾರ. ನಿಂಬರ್ಗಾ.

ಫೌಜಿನಾಗಿರೋ ಶಿವರಾಯಣ್ಣನ ಕಾಗದ ಬಂದಾಗಿಂದ ಜೀವಕ್ಕ ಸಮಾಧಾನ ಇಲ್ಲ. ಸಣ್ಣವರಿದ್ದಾಗ ಅವ್ವಗ ತಿಳೀಬಾರದಂತ ನಾವಿಬ್ಬರು ಒಂದು ಭಾಷೆ ಕಟ್ಟಿದ್ದಿವಿ. ಲಡಾಖಿಗೆ ಹೋದ ಮ್ಯಾಲ ಅಣ್ಣ ಅದರಾಗ ಹಿಮಕ್ಕ ಹೆಸರು ಮಾಡಿ ಕಳಸಾಕತ್ತಾನ. ಬೀಳೋ ಹಿಮ ‘ಅರಳುದ್ರಿ’, ಹಿಂಜಿದ ಅರಳಿ ಉದುರಿದಂಗ ಇರ್ತದಂತ. ಬೂಟಿನ ಕೆಳಗಿನ ಗಟ್ಟಿ ಹಿಮ ‘ಕರಜೋಳಿ’, ಹುರಿದ ಜೋಳ ಕಡಿದ ಸಪ್ಪಳ ಬರ್ತದಂತ.

ಇವತ್ತಿನ ಕಾಗದದಾಗ ಹೊಸದೊಂದು: ‘ನಿನ್ನೆ ನಮ್ಮ ಇಬ್ಬರು ಜವಾನರನ್ನ ಮಲಂಗಿ ಒಳಗ ಎಳಕೊಂಡ್ತು.’ ಅಣ್ಣ ಅರ್ಥ ಬರದಿಲ್ಲ. ಬರಿಯೋದು ಬೇಕಾಗಿರಲಿಲ್ಲ. ಮಲಂಗ ನಮ್ಮ ಜೋಡಿ ಆಡ್ತಿದ್ದಾಂವ. ಕೆರಿ ಕೆಸರಿನಾಗ ಕಾಲು ಸಿಕ್ಕು, ನಮ್ಮಿಬ್ಬರ ಕಣ್ಣೆದುರಿಗೇ ಸಪ್ಪಳಿಲ್ಲದ ಮುಳುಗಿ ಹೋದ.

“ಏನ್ ಬರದಾನ ಬೇ?” ಅಂತ ಅವ್ವ ಕೇಳಿದಳು.

“ಥಂಡಿ ಭಾಳ ಅದ ಅಂತ.”

“ಹಿಮ ನೋಡಾಕ ಚೆಂದ ಇರ್ತದೇನು?”

“ಇರ್ತದಂತವ್ವ.”

ಅವ್ವ ನಕ್ಕೋತ ಓಣಿಯಾಗ ಹೇಳಾಕ ಹೋದಳು. ನಾನು ಉತ್ತರ ಬರಿಯಾಕ ಕುಂತು ಮೂರು ಹಾಳಿ ಹರದೇನಿ. ‘ತಿರುಗಿ ಬಾ’ ಅನ್ನಾಕ ನಾವು ಶಬ್ದನೇ ಮಾಡಿರಲಿಲ್ಲ. ಆಗ ಇಬ್ಬರೂ ಮನಿಯಾಗೇ ಇರ್ತಿದ್ದಿವಿ.